ಎಡಗಾಲಿಗೆ ಕೆಲಸವಿಲ್ಲದ ಊರು

ಬಜಪೆ

ಜನ್ಮದಲ್ಲಿ ನಾನು ವಿಮಾನ ಹತ್ತಿದ್ದು ಒಂದೇ ಪ್ರಯಾಣಕ್ಕೆ. ಅದೂ ಒಂದು ಟ್ರಂಕು ತರಲಿಕ್ಕೆ.

ಮಂಗಳೂರು ಹಂಪನಕಟ್ಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನದೊಂದು ಅಂಬಾಸಿಡರ್ ಉಂಟು. ಭೂಸುಧಾರಣೆಯಲ್ಲಿ ಮನೆತನದ ಗದ್ದೆಗಳು ಒಕ್ಕಲಿನವರ ಪಾಲಾದ ಮೇಲೆ, ಉಳಿದ ಅಲ್ಪಸ್ವಲ್ಪ ಮಾರಿ ತೆಗೆದ ಗಾಡಿ. ಅಂದಿನಿಂದ ಬಜಪೆಗೆ ಬಾಡಿಗೆ ಹೊಡೆಯುತ್ತಿದ್ದೇನೆ. ಎಷ್ಟೋ ಜನರನ್ನು ವಿಮಾನ ನಿಲ್ದಾಣದ ಬಾಗಿಲಿಗೆ ಬಿಟ್ಟು, ಅವರ ಮನೆಯವರು ಅತ್ತು ಮುಗಿಸುವವರೆಗೆ ಬಾನೆಟ್ಟಿಗೆ ಒರಗಿ ನಿಂತು, ಮತ್ತೆ ಅವರನ್ನು ಊರಿಗೆ ಮುಟ್ಟಿಸಿದ್ದೇನೆ. ನನ್ನ ತಮ್ಮ ಜಯರಾಮನನ್ನೂ ಹಾಗೆಯೇ ಬಿಟ್ಟೆ. ಅವತ್ತು ಅಳಲಿಕ್ಕೆ ಇದ್ದವನು ನಾನೊಬ್ಬನೇ. ಗಾಡಿ ಓಡಿಸುವವನೂ ನಾನೇ ಆದದ್ದರಿಂದ ಅಳುವುದನ್ನು ಮುಂದಕ್ಕೆ ಹಾಕಿದೆ.

ಅವನು ಆರು ವರ್ಷ ಮಸ್ಕತ್ತಿನಲ್ಲಿ ಒಬ್ಬ ಹಾಜಿಯವರ ಮನೆಯ ಡ್ರೈವರಾಗಿದ್ದ. ಮೂವತ್ತು ತುಂಬಿದ ವರ್ಷ ತಂತಿ ಬಂತು. ಎದೆನೋವು, ಕಾರಿನಲ್ಲೇ ಹೋದ, ಸಂಸ್ಕಾರ ಮಸ್ಕತ್ತಿನಲ್ಲಿಯೇ ಆಯಿತು. ತಂತಿಯಲ್ಲಿ ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮೂರು ತಿಂಗಳ ಮೇಲೆ ಒಂದು ಕಾಗದ ಬಂತು. ಆ ಮನೆಯಲ್ಲಿ ಅಡುಗೆ ಮಾಡುವ, ನಮ್ಮ ಬಂದರಿನವರೇ ಆದ ಮೋನಾಕ ಬರೆದದ್ದು. ಜಯಣ್ಣನ ಟ್ರಂಕು ಇಲ್ಲಿ ಉಂಟು, ಹಾಜಿಯವರು ವೀಸಾ ಟಿಕೆಟು ಎಲ್ಲ ಕಳಿಸಿದ್ದಾರೆ, ನೀವೇ ಬರಬೇಕಂತೆ. ಕೊನೆಯಲ್ಲಿ ಒಂದು ಸಾಲು: "ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿ ತನ್ನಿ." ಟ್ರಂಕು ಹೊರಲಿಕ್ಕೆ ಲೈಸೆನ್ಸು ಎಂತಕ್ಕೆ ಎಂದು ನನಗೆ ತಿಳಿಯಲಿಲ್ಲ. ಆದರೂ ಮಾಡಿಸಿದೆ.

ನನ್ನ ಗಾಡಿಯಲ್ಲೇ ನನ್ನನ್ನು ಬಜಪೆಗೆ ಬಿಟ್ಟವನು ನಮ್ಮ ಸ್ಟ್ಯಾಂಡಿನ ಪಾಸ್ಕಲ್.

"ಸಂಜೀವಣ್ಣ, ಅಲ್ಲಿ ಕಾರಿಗೆ ಕ್ಲಚ್ಚೇ ಇಲ್ಲವಂತೆ, ಹೌದಾ?"

"ಜಯ ಬರೆದಿದ್ದ. ಅಲ್ಲಿ ಎಡಗಾಲಿಗೆ ಕೂತಲ್ಲೇ ಸಂಬಳವಂತೆ."

"ಸುಳ್ಳು ಮಾರಾಯ್ರೆ. ಕ್ಲಚ್ಚಿಲ್ಲದೆ ಗೇರು ಹಾಕಿದ್ರೆ ಗೇರ್‌ಬಾಕ್ಸ್ ಒಡೀಲಿಕ್ಕಿಲ್ವಾ?"

ನಾನೂ ಸುಳ್ಳೆಂದೇ ತಿಳಿದಿದ್ದೆ. ಜಯನ ಮಾತಿಗೆ ಯಾವತ್ತೂ ಒಗ್ಗರಣೆ ಜಾಸ್ತಿ.

ಸೀಬ್‌ನಿಂದ ಮತ್ರಾಕ್ಕೆ

ಬೊಂಬಾಯಿಯಲ್ಲಿ ವಿಮಾನ ಬದಲಿಸಿ ಸೀಬ್‌ನಲ್ಲಿ ಇಳಿದೆ. ಅದು ಮಸ್ಕತ್ತಿನ ಬಜಪೆ. ಇಳಿದಾಗ ಮೊದಲು ಕಂಡದ್ದು ಕಲ್ಲು. ಹುಲ್ಲಿಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಗುಡ್ಡಗಳು. ನಮ್ಮ ಕಡೆಯ ಕೋರೆಯಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಎಲ್ಲರೂ ಊಟಕ್ಕೆ ಹೋದ ಹಾಗೆ. ಅದರ ನಡುವೆ ರಸ್ತೆ ಮಾತ್ರ ಒಂದು ಹೊಂಡವಿಲ್ಲದೆ ಮಲಗಿತ್ತು. ಹೊಂಡ ತಪ್ಪಿಸುವ ಕೆಲಸವಿಲ್ಲದ ಮೇಲೆ ಇಲ್ಲಿಯ ಡ್ರೈವರುಗಳು ಹೊತ್ತು ಹೇಗೆ ಕಳೆಯುತ್ತಾರೋ ಎಂದು ಯೋಚಿಸಿದೆ.

ಹಾಜಿಯವರ ಮನೆಯಿರುವ ಮತ್ರಾಕ್ಕೆ ಹೋಗಲು ಮೋನಾಕ ಟ್ಯಾಕ್ಸಿ ತಂದಿದ್ದರು. ಐವತ್ತು ದಾಟಿದವರು, ಗಡ್ಡಕ್ಕೆ ಮದರಂಗಿ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅಣ್ಣೆರೆ, ಒಂದು ಸಂಗತಿ ಹೇಳಲಿಕ್ಕುಂಟು. ಬೈಬಾರದು."

"ಎಂತದು?"

"ಆ ಮನೆಯಲ್ಲಿ ನೀವು ಭಾರಿ ದೊಡ್ಡ ಜನ. ಕಾರಿನ ವಿಷಯದಲ್ಲಿ ಉಸ್ತಾದ್."

ನಾನು ಅವರ ಮುಖ ನೋಡಿದೆ. ತಮಾಷೆಯ ಮುಖವಲ್ಲ.

ಸಂಗತಿ ಹೀಗೆ. ಜಯ ಆ ಮನೆಗೆ ಸೇರಿದಾಗ ಹಾಜಿಯವರ ಗಂಡುಮಕ್ಕಳು ಕಾರನ್ನು ಮನಸ್ಸಿಗೆ ಬಂದ ಹಾಗೆ ಓಡಿಸುತ್ತಿದ್ದರು. ಮುಂದೆ ಹೋಗುತ್ತಿರುವಾಗಲೇ ರಿವರ್ಸಿಗೆ ಎಳೆಯುವುದು, ಪೂರ್ತಿ ನಿಲ್ಲುವ ಮೊದಲೇ ಪಾರ್ಕಿಂಗಿಗೆ ಹಾಕುವುದು. ಹೊಸ ಡ್ರೈವರ್ ಹೇಳಿದರೆ ಯಾರು ಕೇಳುತ್ತಾರೆ? ಆಗ ಜಯ ಒಂದು ಉಪಾಯ ಮಾಡಿದ. ಕಂಪೆನಿಯ ಪುಸ್ತಕವನ್ನು ಯಾರಿಂದಲೋ ಓದಿಸಿ ತಿಳಿದುಕೊಂಡದ್ದನ್ನೆಲ್ಲ "ಅಣ್ಣ ಬೋಲ್ತಾ ಹೈ" ಎಂದು ಶುರುಮಾಡಿ ಹೇಳತೊಡಗಿದ. ಮಂಗಳೂರಿನಲ್ಲಿ ನನಗೊಬ್ಬ ಅಣ್ಣ ಇದ್ದಾನೆ, ಅವನ ಕೈಯಲ್ಲಿ ಪಳಗದ ಗಾಡಿ ಇಲ್ಲ. ಅಣ್ಣ ಹೇಳ್ತಾನೆ, ಬ್ರೇಕ್ ಒತ್ತದೆ ಗೇರಿನ ಕೋಲು ಮುಟ್ಟಬಾರದು. ಅಣ್ಣ ಹೇಳ್ತಾನೆ, ನಿಲ್ಲದ ಗಾಡಿಯನ್ನು ಪಾರ್ಕಿಂಗಿಗೆ ಹಾಕಬಾರದು. ಕಣ್ಣಿಗೆ ಕಂಡ ಜಯನಿಗೆ ಹೆದರದ ಮಕ್ಕಳು ಕಾಣದ ಅಣ್ಣನಿಗೆ ಹೆದರಿದರು.

"ಆ ಗಾಡಿಯನ್ನು ನಾನು ಕಣ್ಣಲ್ಲಿ ಕಂಡವನಲ್ಲ ಮಾರಾಯ್ರೆ!"

"ನನಗೆ ಗೊತ್ತುಂಟು. ಜಯಣ್ಣ ನನ್ನ ಹತ್ರ ಮಾತ್ರ ಹೇಳಿದ್ದು." ಮೋನಾಕ ದನಿ ತಗ್ಗಿಸಿದರು. "ಅವರು ಹೋದ ಮೇಲೆ ಮೂರು ಡ್ರೈವರು ಬಂದ್ರು. ಮೂವರನ್ನೂ ಹಾಜಿಯವರು ವಾಪಸ್ ಕಳಿಸಿದ್ರು. ಅಣ್ಣನೇ ಬರಲಿ, ಒಂದು ಸಲ ಅವನ ಕೈಯಲ್ಲಿ ಕೂರ್ತೇನೆ ಅಂತ. ಒಂದು ಜಾಗಕ್ಕೆ ಹೋಗಲಿಕ್ಕುಂಟಂತೆ."

ಬದುಕಿದ್ದವನಾದರೆ ಕಿವಿ ಹಿಂಡಬಹುದಿತ್ತು. ಸತ್ತವನು ಹೇಳಿದ ಮಾತನ್ನು ತಾನೇ ತಿದ್ದಲಿಕ್ಕೆ ಬರುವುದಿಲ್ಲ. ಅವನು ಆರು ವರ್ಷ ಅನ್ನ ತಿಂದ ಮನೆಯಲ್ಲಿ ಅವನ ಹೆಸರು ಸುಳ್ಳುಗಾರ ಎಂದು ಉಳಿಯುತ್ತದೋ ಇಲ್ಲವೋ ಎಂಬುದು ಈಗ ನನ್ನ ಎಡಗಾಲಿನ ಕೈಯಲ್ಲಿತ್ತು.

ನಾನು ಅವನಿಗೆ ಕಲಿಸಿದ್ದಾದರೂ ಎಂತ? ಅಂಬಾಸಿಡರಿನ ಹ್ಯಾಂಡ್ ಗೇರು. ಬಜಪೆಯ ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕಿ, ಎಂಜಿನ್ ಬಂದ್ ಮಾಡಿ, ಪೆಟ್ರೋಲಿಲ್ಲದೆ ಮರವೂರು ಸೇತುವೆಯವರೆಗೆ ಜಾರಿಸುವುದು. ನಿಲ್ಲಿಸಿದಾಗ ಟಯರಿಗೆ ಕಲ್ಲು ಇಡುವುದು. ನಮ್ಮ ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ, ಕೆಲಸ ಮಾಡುವುದು ಡಿಕ್ಕಿಯಲ್ಲಿರುವ ಕಲ್ಲು. ಅದನ್ನು ಅವನು ಕಲಿತದ್ದು ಕುಲಶೇಖರದ ಏರಿನಲ್ಲಿ. ಹತ್ತೊಂಬತ್ತು ವರ್ಷದವನು, ಕಲ್ಲು ಇಡದೆ ಇಳಿದು ಗೋಲಿಸೋಡಾ ಕುಡಿಯುತ್ತಿದ್ದ. ಗಾಡಿ ನಾನು ಒಳಗಿರುವಾಗಲೇ ಮೆಲ್ಲ ಹಿಂದೆ ಹೊರಟು, ಒಟ್ಟಿಟ್ಟ ಹಂಚಿನ ರಾಶಿಯ ಮೇಲೆ ಕೂತಿತು. ಇನ್ನೂರು ಹಂಚು ಒಂದೊಂದಾಗಿ ಒಡೆಯುವ ಸದ್ದನ್ನು ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿದೆ. ಇಳಿದು ಬಂದವನೇ ಸಿಟ್ಟಿನಲ್ಲಿ ಹೇಳಿದೆ: "ಸಾಯುವುದಿದ್ದರೂ ಮೊದಲು ಗಾಡಿ ನಿಲ್ಲಿಸಿ ಸಾಯಿ!"

ಅವನು ಅದನ್ನೂ ತಮಾಷೆ ಮಾಡಿಕೊಂಡ. ಆಮೇಲೆ ಪ್ರತಿ ಸಲ ಕಲ್ಲು ಇಟ್ಟು, ಕೈ ಕೊಡವಿ, ನನ್ನ ಕಡೆ ತಿರುಗಿ ಕೇಳುತ್ತಿದ್ದ: "ಅಣ್ಣ, ಇನ್ನು ಸಾಯಬಹುದಾ?"

ಹಾಜಿಯವರ ಅಂಗಳ

ಹಾಜಿಯವರಿಗೆ ಎಪ್ಪತ್ತರ ಮೇಲೆ. ಹರೆಯದಲ್ಲಿ ಬೊಂಬಾಯಿಗೆ ಖರ್ಜೂರ ತಂದು ಮಾರಿದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ನಿಂತರು. ನಮ್ಮಲ್ಲಿ ಸಾವಿನ ಮನೆಗೆ ಬಂದವರು ಹೇಗಾಯಿತು, ಎಷ್ಟು ಹೊತ್ತಿಗೆ ಎಂದು ಹತ್ತು ಸಲ ಕೇಳುತ್ತಾರೆ. ಇಲ್ಲಿ ಕೈ ಹಿಡಿದು ಸುಮ್ಮನಾದರು, ಆಮೇಲೆ ಕಹಿ ಕಾಫಿ ಕೊಟ್ಟರು. ಕುಡಿದು ಮುಗಿಸಿದ ಹಾಗೆ ಮತ್ತೆ ಹೊಯ್ಯುತ್ತಿದ್ದರು. ಸಾಕಾದರೆ ಬಟ್ಟಲನ್ನು ಅಲ್ಲಾಡಿಸಬೇಕೆಂದು ಮೋನಾಕ ಹೇಳಿದ್ದು ಒಂಬತ್ತನೇ ಬಟ್ಟಲಿನ ನಂತರ.

ಮರುದಿನ ಬೆಳಿಗ್ಗೆ ಇಡೀ ಮನೆ ಅಂಗಳಕ್ಕೆ ಬಂತು. ಕಿಟಕಿಯ ಹಿಂದೆ ಹೆಂಗಸರು. ಅಮೇರಿಕದ ಕಾರು, ನಮ್ಮ ಎರಡು ಅಂಬಾಸಿಡರ್ ಉದ್ದ. ಹಾಜಿಯವರು ಹಿಂದಿನ ಸೀಟಿನಲ್ಲಿ ಊರುಗೋಲು ಹಿಡಿದು ಕೂತರು. ನಾನು ಗಂಭೀರವಾಗಿ ಬಲಗಡೆಯ ಬಾಗಿಲು ತೆಗೆದು ಒಳಗೆ ಕೂತೆ. ಎದುರಿಗೆ ಸ್ಟೇರಿಂಗ್ ಇರಲಿಲ್ಲ.

ಸ್ವಲ್ಪ ಹೊತ್ತು ಹಾಗೇ ಕೂತೆ. ಸ್ಟೇರಿಂಗ್ ಬರಲಿಲ್ಲ. ಇಳಿದು, ಕಾರಿಗೆ ಒಂದು ಸುತ್ತು ಬಂದು, ಎಡಗಡೆ ಕೂತೆ.

"ನೋಡಿದಿರಾ," ಹಾಜಿಯವರು ಮಕ್ಕಳಿಗೆ ಹೇಳಿದರು, "ಉಸ್ತಾದರು ಹೊರಡುವ ಮೊದಲು ಗಾಡಿಯನ್ನು ಎರಡೂ ಕಡೆಯಿಂದ ಪರೀಕ್ಷೆ ಮಾಡ್ತಾರೆ."

ಒಳಗೆ ಎರಡೇ ಪೆಡಲ್. ಬ್ರೇಕು ಊಟದ ಮಣೆಯಷ್ಟು ಅಗಲ. ಗೇರಿನ ಕೋಲು ನಮ್ಮದರ ಹಾಗೆ ಸ್ಟೇರಿಂಗಿನಲ್ಲೇ ಇತ್ತು, ಆದರೆ ಬಲಗಡೆ. ಕೀ ತಿರುಗಿಸಿದೆ. ಸದ್ದೇ ಇಲ್ಲದೆ ಚಾಲೂ ಆಯಿತು. ಚಾಲೂ ಆದದ್ದು ತಿಳಿಯದೆ ಇನ್ನೊಮ್ಮೆ ತಿರುಗಿಸಿದೆ. ಆಗ ಮಾತ್ರ ಕಿರುಚಿತು. ಮೋನಾಕ ಹೇಳಿದ್ದನ್ನು ನೆನಪಿಸಿಕೊಂಡು ಕೋಲನ್ನು ಮುಂದೆ ಹೋಗುವ 'ಡಿ'ಗೆ ಎಳೆದೆ.

ಆಕ್ಸಿಲೇಟರು ಮುಟ್ಟಿರಲಿಲ್ಲ, ದೇವರಾಣೆ. ಆದರೂ ಕಾರು ತನ್ನಷ್ಟಕ್ಕೆ ಹೊರಟಿತು. ಎದುರಿಗೆ ಕೋಳಿಗಳು, ಕೋಳಿಗಳ ಹಿಂದೆ ಮೋನಾಕ. ನನ್ನ ಎಡಗಾಲಿಗೆ ಹನ್ನೊಂದು ವರ್ಷದ ಅಭ್ಯಾಸ. ಅದು ನನ್ನನ್ನು ಕೇಳದೆ ಕ್ಲಚ್ಚು ಒತ್ತಿತು. ಅಲ್ಲಿ ಕ್ಲಚ್ಚಿಲ್ಲ, ಮಣೆಯಷ್ಟು ಅಗಲದ ಬ್ರೇಕು. ಕಾರು ಮೂಗಿನ ಮೇಲೆ ನಿಂತಿತು. ಹಾಜಿಯವರ ಟೊಪ್ಪಿ ಬಂದು ನನ್ನ ಮಡಿಲಲ್ಲಿ ಕೂತಿತು.

ಮುಗಿಯಿತು ಜಯನ ಮರ್ಯಾದೆ ಎಂದು ಕಣ್ಣು ಮುಚ್ಚಿದೆ.

ಹಿಂದಿನಿಂದ ಹಾಜಿಯವರ ದನಿ, ಮದರಸದಲ್ಲಿ ಪಾಠ ಒಪ್ಪಿಸುವವರ ಹಾಗೆ: "ಬ್ರೇಕ್ ಒತ್ತದೆ ಕೋಲು ಮುಟ್ಟಬಾರದು. 'ಡಿ'ಯಲ್ಲಿರುವ ಗಾಡಿ ನಿಂತ ಹಾಗೆ ಕಂಡರೂ ಹೊರಟದ್ದೇ. ಬ್ರೇಕಿನಿಂದ ಕಾಲು ತೆಗೆಯಬಾರದು. ಬ್ರೇಕಿಗೂ ಬಲಗಾಲೇ. ಎಡಗಾಲು ಮಡಚಿ ಸೀಟಿನ ಅಡಿಗೆ." ಆಮೇಲೆ ನಕ್ಕರು. "ನಮಗೆ ನೆನಪುಂಟಾ ಎಂದು ನೋಡ್ತಿದ್ದೀರಿ, ಅಲ್ಲವಾ ಅಣ್ಣ? ಜಯ ಹೇಳಿದ್ದ, ನೀವು ಹಾಗೆಯೇ ಪರೀಕ್ಷೆ ಮಾಡುವುದಂತೆ."

"ಅಲ್ಲ ಹಾಜಿ, ನನಗೆ ನಿಜವಾಗಿ..."

"ದೊಡ್ಡವರು ಹಾಗೇ ಹೇಳುವುದು," ಎಂದು ಅವರು ಟೊಪ್ಪಿ ಹಾಕಿಕೊಂಡರು.

ಮಧ್ಯಾಹ್ನ ಮೋನಾಕ ಜಯನ ಟ್ರಂಕು ತೆಗೆದು, ಒಂದು ಹಳೆಯ ಬೈರಾಸು ಹೊರಗೆ ಹಾಕಿದರು. ಕೆಂಪು ಅಂಚಿನ ಟವೆಲು, ಅವನು ಹೊರಡುವಾಗ ನಾನೇ ರಥಬೀದಿಯಲ್ಲಿ ತೆಗೆದುಕೊಟ್ಟದ್ದು.

"ಮೊದಲ ಒಂದು ವಾರ ಜಯಣ್ಣ ಅಂಗಳದಲ್ಲಿ ಸುತ್ತು ಹೊಡೆಯುವಾಗ ಇದರಲ್ಲಿ ಎಡಗಾಲು ಕಟ್ಟಿಕೊಳ್ತಿದ್ರು. ನೀವೂ ಕಟ್ಟಿ. ರಕ್ತ ಒಂದೇ ಅಲ್ವಾ, ಕಾಲೂ ಒಂದೇ."

ಸಂಜೆಯವರೆಗೆ ನಾನು ಆ ಬೈರಾಸಿನಲ್ಲಿ ಎಡಗಾಲನ್ನು ಸೀಟಿನ ಕಾಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಸುತ್ತು ಬಂದೆ. ಆರು ವರ್ಷ ತೊಳೆದರೂ ಅದಕ್ಕೆ ನಮ್ಮ ಮನೆಯ ಪೆಟ್ಟಿಗೆಯ ವಾಸನೆ ಇತ್ತು. ಅಥವಾ ಇತ್ತೆಂದು ನನಗೆ ಅನಿಸಿತು.

ಮತ್ರಾದ ಪೇಟೆ

ಎರಡನೆಯ ದಿನ ಪೇಟೆಗೆ. ಎಡಗಾಲು ಕಟ್ಟದೆಯೂ ಸುಮ್ಮನಿತ್ತು. ಈ ಊರಿನಲ್ಲಿ ಆಡುಗಳು ನಮ್ಮ ಹಂಪನಕಟ್ಟೆಯ ದನಗಳ ಹಾಗೆ, ರಸ್ತೆ ತಮ್ಮದೇ ಎಂದು ತಿಳಿದಿವೆ. ಒಂದು ಆಡು ಎದುರು ನಿಂತಿತು. ನಾನು ನಿಲ್ಲಿಸಿ, ಅದರ ಮುಖ ನೋಡುತ್ತಾ ಬ್ರೇಕಿನಿಂದ ಕಾಲು ತೆಗೆದೆ. ಕಾರು ಮೆಲ್ಲ ಹೋಗಿ ಅದರ ಹೊಟ್ಟೆಗೆ ಗುದ್ದಿತು. ಆಡು ಸಿಟ್ಟಿನಿಂದ ನನ್ನನ್ನು ನೋಡಿ, ಬಂಪರಿಗೆ ಎರಡು ಸಲ ವಾಪಸ್ ಗುದ್ದಿ ಹೋಯಿತು. ಕನ್ನಡಿಯಲ್ಲಿ ನೋಡಿದಾಗ ಹಾಜಿಯವರು ಯೋಚಿಸುತ್ತಿದ್ದರು.

ಖರ್ಜೂರದ ಅಂಗಡಿಯ ಎದುರು ನಿಲ್ಲಿಸಿದೆ. ಸಣ್ಣ ಏರು. ನಮ್ಮಲ್ಲಿ ನಿಲ್ಲಿಸಿದರೆ ಗೇರಿನಲ್ಲೇ ಬಿಟ್ಟು ಇಳಿಯುವುದಲ್ಲವೇ? ಹಾಗೆ 'ಡಿ'ಯಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಬಂದ್ ಮಾಡಿದೆ. ಕೀ ಹೊರಗೆ ಬರಲಿಲ್ಲ. ಎಳೆದೆ, ಬೇಡಿದೆ, ಬರಲಿಲ್ಲ. ಅಲ್ಲಿಗೇ ಬಿಟ್ಟು ಟಯರಿಗೆ ಕಲ್ಲು ಹುಡುಕಿದೆ. ನಾಲ್ಕೂ ಸುತ್ತ ಆಕಾಶ ಮುಚ್ಚುವ ಕಲ್ಲಿನ ಗುಡ್ಡ. ಬೀದಿಯಲ್ಲಿ ಕೈಗೆ ಸಿಗುವ ಒಂದು ಕಲ್ಲಿಲ್ಲ, ಅಷ್ಟು ಚೊಕ್ಕ ಗುಡಿಸಿದ್ದಾರೆ. ಡಿಕ್ಕಿ ತೆಗೆದೆ.

ಅಲ್ಲಿ ಒಂದು ಮುರಕಲ್ಲು ಇತ್ತು. ನಮ್ಮೂರಿನ ಕೆಂಪು ಮುರಕಲ್ಲಿನ ಅರ್ಧ ತುಂಡು, ಮೂಲೆ ಸವೆದದ್ದು. ಸಮುದ್ರ ದಾಟುವವರು ಉಪ್ಪಿನಕಾಯಿ, ಹಪ್ಪಳ ಒಯ್ಯುತ್ತಾರೆ. ಜಯ ಕಲ್ಲಿನ ದೇಶಕ್ಕೆ ಕಲ್ಲು ತಂದಿದ್ದ.

ಅದನ್ನು ಟಯರಿಗೆ ಇಟ್ಟು, ಕೈ ಕೊಡವಿದೆ.

ವಾಪಸ್ ಹೊರಡುವಾಗ ಕಾರು ಚಾಲೂ ಆಗಲಿಲ್ಲ. ಬ್ಯಾಟರಿ ಹೋಯಿತು ಎಂದು ತೀರ್ಮಾನಿಸಿದೆ. ಅದಕ್ಕೆ ನಮ್ಮಲ್ಲಿ ಇರುವ ಮದ್ದು ಒಂದೇ. ಇಳಿದು, ಮೀನು ಮಾರುವವರನ್ನೂ ಹಮಾಲಿಗಳನ್ನೂ ಕೈ ಬೀಸಿ ಕರೆದೆ. ದೂಡುವ ಕೆಲಸವೆಂದರೆ ಲೋಕದ ಯಾವ ಮೂಲೆಯಲ್ಲೂ ಜನ ಸೇರುತ್ತಾರೆ. ಹದಿನೈದು ಜನ ಐಸಾ ಹೇಳುವ ಬದಲು ಅರಬಿಯಲ್ಲಿ ಏನೋ ಹೇಳಿ ಬಗ್ಗಿದರು. ಕಲ್ಲು ತೆಗೆಯಲು ಮರೆತಿದ್ದೆ. ಕಾರು ಅಲ್ಲಾಡಲಿಲ್ಲ, ಒಬ್ಬನ ಚಪ್ಪಲಿ ಮಾತ್ರ ಹರಿಯಿತು.

ಹಾಜಿಯವರು ಕಿಟಕಿ ಇಳಿಸಿದರು. "ಅಣ್ಣ, ಈ ಗಾಡಿಯನ್ನು ಎಷ್ಟು ದೂಡಿದರೂ ಚಾಲೂ ಆಗುವುದಿಲ್ಲ. ಕೋಲು ಪಾರ್ಕಿಂಗಿನಲ್ಲೋ ನ್ಯೂಟ್ರಲಿನಲ್ಲೋ ಇದ್ದರೆ ಮಾತ್ರ ಕೀ ಕೇಳುತ್ತದೆ. ಪಾರ್ಕಿಂಗಿನಲ್ಲಿದ್ದರೆ ಮಾತ್ರ ಕೀ ಹೊರಗೆ ಬರುತ್ತದೆ." ಸ್ವಲ್ಪ ತಡೆದು ಸೇರಿಸಿದರು: "ಅಣ್ಣ ಹೇಳಿದ್ದು."

ಹದಿನೈದು ಜನ ನನ್ನ ಮುಖ ನೋಡಿದರು. ಬ್ರೇಕ್ ಒತ್ತಿ ಕೋಲನ್ನು 'ಪಿ'ಗೆ ಹಾಕಿ ಕೀ ತಿರುಗಿಸಿದೆ. ಚಾಲೂ ಆಯಿತು. ಚಪ್ಪಲಿ ಹರಿದವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸಮುದ್ರದ ಏರು

ಮೂರನೆಯ ದಿನ ಹಾಜಿಯವರು ಹೇಳಿದ ಜಾಗಕ್ಕೆ ಹೋದೆವು. ಮತ್ರಾದಿಂದ ಮಸ್ಕತ್ತಿಗೆ ಹೋಗುವ ದಾರಿ. ಒಂದು ಕಡೆ ಬಂಡೆ, ಒಂದು ಕಡೆ ಕೆಳಗೆ ಸಮುದ್ರ. ಒಂದು ಇಳಿಜಾರು ಬಂದಾಗ ನನ್ನ ಬಲಗೈ ತಾನಾಗಿ ಕೋಲನ್ನು ನ್ಯೂಟ್ರಲಿಗೆ ತಳ್ಳಲು ಹೋಯಿತು.

"ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕಿದರೆ ಎಂಜಿನ್ ನಿಮ್ಮ ಜೊತೆ ಬರುವುದಿಲ್ಲ," ಎಂದರು ಹಾಜಿಯವರು. "ಎರಡಕ್ಕೆ ಹಾಕಿ."

ಎರಡಕ್ಕೆ ಹಾಕಿದೆ. ಎಂಜಿನ್ ಗುರ್ ಎಂದು ಗಾಡಿಯನ್ನು ಹಿಡಿದುಕೊಂಡಿತು, ಹಿಂದಿನಿಂದ ಯಾರೋ ಅಂಗಿ ಹಿಡಿದ ಹಾಗೆ.

ಇಳಿದ ಮೇಲೆ ಒಂದು ಕಡಿದಾದ ಏರು. ಅದರ ನಡುವೆ, "ಇಲ್ಲಿ," ಎಂದರು. ಪೂರ್ತಿ ನಿಲ್ಲಿಸಿದೆ. ಕಾಲು ಬ್ರೇಕಿನ ಮೇಲಿರುವಾಗಲೇ ಹ್ಯಾಂಡ್ ಬ್ರೇಕ್ ಹಾಕಿದೆ. ಕೋಲನ್ನು 'ಪಿ'ಗೆ. ಬಂದ್. ಕೀ ಸುಲಭವಾಗಿ ಕೈಗೆ ಬಂತು. ಮೂರು ದಿನದಲ್ಲಿ ತಪ್ಪಿಲ್ಲದೆ ಮಾಡಿದ್ದು ಅದೊಂದೇ ಸಲ. ಅದಕ್ಕೇ ಇರಬೇಕು, ಇನ್ನು ಸುಳ್ಳು ಹೇಳಲಿಕ್ಕೆ ಆಗಲಿಲ್ಲ.

"ಹಾಜಿ, ಆ ಮಾತುಗಳು ಒಂದೂ ನನ್ನದಲ್ಲ. ಮೊನ್ನೆಯವರೆಗೆ ನಾನು ಇಂಥ ಕಾರಿನಲ್ಲಿ ಕೂತವನಲ್ಲ. ಎಲ್ಲ ಜಯನೇ ಕಂಪೆನಿಯ ಪುಸ್ತಕದಿಂದ ಕಲಿತು ಹೇಳಿದ್ದು. ಅವನನ್ನು ತಪ್ಪು ತಿಳಿಯಬಾರದು."

ಹಾಜಿಯವರು ಸಮುದ್ರ ನೋಡುತ್ತಿದ್ದರು. "ನನಗೂ ನಿನ್ನೆ ಹಾಗೆ ಅನಿಸಿತು," ಎಂದರು. "ಆಡಿಗೆ ಗುದ್ದಿದಾಗ."

ಆಮೇಲೆ ಅವರು ಹೇಳಿದರು. ಆ ದಿನ ಶಾಲೆಯಿಂದ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರಂತೆ. ಇದೇ ಏರಿನಲ್ಲಿ ಜಯ ಒಮ್ಮೆ ಎದೆ ಮುಟ್ಟಿಕೊಂಡ. ಗಾಡಿಯನ್ನು ಬಂಡೆಯ ಬದಿಗೆ ತೆಗೆದ. ನಿಲ್ಲಿಸಿದ. ಹ್ಯಾಂಡ್ ಬ್ರೇಕ್ ಹಾಕಿದ. 'ಪಿ'ಗೆ ಹಾಕಿದ. ಬಂದ್ ಮಾಡಿ, ಕೀ ತೆಗೆದು, ಹಿಂದೆ ತಿರುಗಿ ಹಾಜಿಯವರ ಕೈಯಲ್ಲಿ ಕೊಟ್ಟ.

"ಮಕ್ಕಳಿಗೆ ಗೊತ್ತೇ ಆಗಲಿಲ್ಲ. ಗಾಡಿ ಒಂದು ಬೆರಳು ಹಿಂದೆ ಸರಿಯಲಿಲ್ಲ. ಕೀ ಕೊಡುವಾಗ ಅವನು ನಿಮ್ಮ ಭಾಷೆಯಲ್ಲಿ ಏನೋ ಕೇಳಿದ. ನನ್ನನ್ನಲ್ಲ. ಮೊದಲನೆಯ ಶಬ್ದ ಮಾತ್ರ ನನಗೆ ತಿಳಿಯಿತು. ಅಣ್ಣ ಅಂತ." ಅವರು ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ನಗ್ತಾ ಇದ್ದ."

ಉಳಿದ ಶಬ್ದಗಳು ನನಗೆ ಗೊತ್ತಿದ್ದವು.

"ಅಷ್ಟು ನೋವಿನಲ್ಲೂ ಮೊದಲು ಗಾಡಿ ನಿಲ್ಲಿಸಬೇಕು ಎಂದು ಅವನಿಗೆ ಯಾರು ಕಲಿಸಿದ್ದು? ಅದೂ ಪುಸ್ತಕದಲ್ಲಿ ಓದಿದ್ದಾ?"

"ಅಲ್ಲ," ಎಂದೆ. "ಅದೊಂದು ನಾನು ಹೇಳಿದ್ದು."

ಹಾಜಿಯವರು ನನ್ನ ಹೆಗಲ ಮೇಲೆ ಕೈ ಇಟ್ಟರು. ನಾನು ಇಳಿದು ಡಿಕ್ಕಿ ತೆಗೆದು, ಅವತ್ತು ಅವನಿಗೆ ಇಡಲಿಕ್ಕೆ ಆಗದೆ ಉಳಿದ ಕಲ್ಲನ್ನು ತಂದು ಹಿಂದಿನ ಟಯರಿಗೆ ಇಟ್ಟೆ. ಮುಂದಕ್ಕೆ ಹಾಕಿದ್ದ ಅಳು ಅಲ್ಲಿ ಬಂತು. ಗಾಡಿ ನಿಂತಿತ್ತು, ಓಡಿಸುವ ಅವಸರ ಯಾರಿಗೂ ಇರಲಿಲ್ಲ.

ಮರವೂರಿನ ಇಳಿಜಾರು

ಬೊಂಬಾಯಿಯ ಕಸ್ಟಮ್ಸಿನವರು ಟ್ರಂಕು ಬಿಚ್ಚಿಸಿದರು. ನಾಲ್ಕು ಅಂಗಿ, ಒಂದು ಬೈರಾಸು, ಒಂದು ಕಲ್ಲು. ಕಲ್ಲನ್ನು ಕುಟ್ಟಿ, ಕುಲುಕಿ, ಮೂಸಿ ನೋಡಿದರು. ಗಲ್ಫಿನಿಂದ ಯಾರಾದರೂ ಕಲ್ಲು ತರುತ್ತಾರಾ ಎಂದು ಕೇಳಿದ ಅಧಿಕಾರಿಗೆ, ತಂದದ್ದಲ್ಲ, ಇಲ್ಲಿಂದಲೇ ಹೋದದ್ದು ಎಂದೆ. ಅವನು ಇನ್ನೂ ಅರ್ಧ ಗಂಟೆ ಅದನ್ನೇ ನೋಡಿದ.

ಬಜಪೆಯಲ್ಲಿ ಪಾಸ್ಕಲ್ ಕಾಯುತ್ತಿದ್ದ. ಟ್ರಂಕನ್ನು ಡಿಕ್ಕಿಗೆ ಹಾಕಿದ. ನಾನು ಮುಂದೆ, ಅವನ ಬದಿಯಲ್ಲಿ ಕೂತೆ. ಇಳಿಜಾರು ಶುರುವಾದಲ್ಲಿ ಅವನು ಅಭ್ಯಾಸದಂತೆ ನ್ಯೂಟ್ರಲಿಗೆ ತಂದು ಕೀಗೆ ಕೈ ಹಾಕಿದ.

"ಬಂದ್ ಮಾಡ್ಬೇಡ. ಗೇರಿಗೆ ಹಾಕು."

"ಎಂತಕ್ಕೆ ಸಂಜೀವಣ್ಣ? ಇಲ್ಲಿಂದ ಸೇತುವೆವರೆಗೆ ತನ್ನಷ್ಟಕ್ಕೆ ಹೋಗ್ತದೆ. ನೀವೇ ಕಲಿಸಿದ್ದಲ್ವಾ?"

"ನ್ಯೂಟ್ರಲಿಗೆ ಹಾಕಿದ್ರೆ ಎಂಜಿನ್ ನಮ್ಮ ಜೊತೆ ಬರುವುದಿಲ್ಲ."

"ಯಾರು ಹೇಳಿದ್ದು?"

"ತಮ್ಮ ಹೇಳ್ತಾನೆ."

ಪಾಸ್ಕಲ್ ಕ್ಲಚ್ಚು ಒತ್ತಿ ಎರಡಕ್ಕೆ ಹಾಕಿದ. ಅಂಬಾಸಿಡರ್ ಒಮ್ಮೆ ಗೊಣಗಿ ನಿಧಾನವಾಯಿತು. ಡಿಕ್ಕಿಯಲ್ಲಿ ಟ್ರಂಕಿನೊಳಗಿನ ಕಲ್ಲು ಒಂದು ಸಲ ಮುಂದಕ್ಕೆ ಸರಿದು, ಅಲ್ಲೇ ನಿಂತಿತು.